ಬಿಸಿಲಿಗೆ ಮುಖ ಮಾಡಿ ಕೂತವನು

"ಮೊದ್ಲು ನನ್ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಗುರುವಮ್ಮ. ಈ ಮಾತು ಈ ಹೊಸ್ತಿಲು ದಾಟಬಾರ್ದು" ಅಂದ್ಲು ಚಿಕ್ಕತಾಯಿ.

ಅವಳಿಗೆ ತತ್ವಪದ ಹೇಳ್ಕೊಡೋ ಸಾತಮ್ಮ ಮೊರದಲ್ಲಿ ಅಕ್ಕಿ ಆರಿಸ್ತಾ ಇದ್ಲು. ಕೈ ಎತ್ತಲಿಲ್ಲ. "ದಾಟಲ್ಲ, ಹೇಳು."

ಅಷ್ಟು ಸಾಕಾಯ್ತು. ಚಿಕ್ಕತಾಯಿ ಒಂದೇ ಉಸಿರಿಗೆ ಎಲ್ಲಾ ಹೇಳಿದ್ಲು. ಪಕ್ಕದ ಮನೆ ದ್ಯಾವಮ್ಮನ ಸೊಸೆ ಭಾಗ್ಯ ಬಟ್ಟೆ ಒಗೆಯೋಕೆ ಅಂತ ಹೋಗಿ, ಕಾಲುವೆ ಹತ್ರ ಹೆತ್ತವ್ವನ್ನ ಕಾಣ್ತಾಳೆ. ಮದುವೆ ಊಟದ ಪಂಕ್ತೀಲೇ ಬೀಗರು ಕಿತ್ತಾಡ್ಕೊಂಡಿದ್ರು. ತವರಿನೋರ ಮುಖ ನೋಡಿದ್ರೆ ಈ ಮನೆಗೆ ಬರಲೇಬೇಡ ಅಂತ ದ್ಯಾವಮ್ಮ ಕಟ್ಟಪ್ಪಣೆ ಮಾಡಿದ್ದು ಇಡೀ ಬೀದಿಗೆ ಗೊತ್ತು. ಇವತ್ತು ನೋಡಿದ್ರೆ ಆ ಅವ್ವ ಬುತ್ತಿ ಬಿಚ್ಚಿ ತುತ್ತು ಇಡ್ತಿದ್ಲು, ಮಗಳು ಕೂಸಿನ ಹಾಗೆ ಬಾಯಿ ತೆಗೀತಿದ್ಲು.

"ದ್ಯಾವಮ್ಮಂಗೆ ಹೇಳೇ ಹೇಳ್ತೀನಿ. ಚಾಡಿ ಅಂತೀರೇನೋ. ಹಗಲಿರೋದು ಯಾತಕ್ಕೆ ಗುರುವಮ್ಮ? ಸೂಜಿಗೆ ದಾರ ಪೋಣಿಸೋಕೆ ಹಗಲು ಬೇಕು. ಸೀರೆ ಬಣ್ಣ ನೋಡೋಕೆ ಅಂಗಡಿಯಿಂದ ಆಚೆ ತರ್ತೀವಿ. ಹೆಣ್ಣು ನೋಡೋಕೂ ಹಗಲಲ್ಲೇ ಹೋಗ್ತೀವಿ. ಹಾಡಹಗಲಲ್ಲಿ ಕಣ್ಣಾರೆ ಕಂಡಿದ್ದು ಹೇಳಿದ್ರೆ ತಪ್ಪೇನು?"

"ನಿನ್ ಕಣ್ಣು ಚೆನ್ನಾಗೈತೆ ಬಿಡು. ನನ್ ಅಕ್ಕೀಲಿರೋ ಕಲ್ಲು ಮಾತ್ರ ಕಾಣಲ್ಲ" ಅಂತ ಮೊರ ಅವಳ ಕಡೆ ತಳ್ಳಿ, ಸಾತಮ್ಮ ಕತೆ ಶುರು ಮಾಡಿದ್ಲು.

ಒಬ್ಬ ರೈತ. ತಮ್ಮನ ಜೊತೆ ಜಗಳ ಆಗಿ ಮನೆ ಪಾಲಾಯ್ತು. ಹಿತ್ತಿಲಿಗೆ ಅಡ್ಡ ಎದೆಮಟ್ಟದ ಗೋಡೆ ಎದ್ದಿತು. ಈ ಕಡೆಯಿಂದ ಆ ಕಡೆಗೆ ಒಂದು ಹನಿ ನೀರೂ ಹೋಗಕೂಡದು ಅಂತ ಅಣ್ಣ ಊರೋರ ಮುಂದೆ ಹೇಳಿಬಿಟ್ಟ.

ತಮ್ಮನ ಹೆಂಡ್ತಿ ಹೆತ್ತು ಮಲಗಿದ್ಲು. ಅವರ ಮನೇಲಿ ಕರೆಯೋ ಹಸು ಇರಲಿಲ್ಲ. ಅಣ್ಣನ ಹೆಂಡ್ತಿಗೆ ತಡೀಲಿಲ್ಲ, ಒಂದು ಕುಡಿಕೆ ಮೊಸರು ದಾಟಿಸೋಣ ಅಂದ್ಕೊಂಡ್ಲು. ಕತ್ತಲಾದ ಮೇಲಾದ್ರೆ ಸುಲಭ, ಆದ್ರೆ ದೀಪ ಹಚ್ಚಿದ ಮೇಲೆ ಮೊಸರನ್ನ ಮನೆಯಿಂದ ಆಚೆ ಕೊಡೋ ಹಾಗಿಲ್ಲ. ಬೆಳಗಿಂದ ಗಂಡ ಹೆಂಡ್ತಿ ಇಬ್ಬರೂ ಹೊಲದಲ್ಲೇ. ಇನ್ನು ಉಳಿದಿದ್ದು ಹೊಲದಿಂದ ಬಂದು ದೀಪ ಹಚ್ಚೋವರೆಗಿನ ಚೂರು ಹಗಲು. ಆ ಹೊತ್ತಲ್ಲಿ ಗಂಡ ಹಿತ್ತಿಲಲ್ಲೇ ಕೂತು ಹಗ್ಗ ಹೊಸೀತಿದ್ದ.

ಒಂದು ಸಂಜೆ ಅವನು ಗೋಡೆ ಕಡೆ ಬೆನ್ನು ಮಾಡಿ ತಿರುಗಿ ಕೂತ. ಅವಳು ತಟ್ಟನೆ ಕುಡಿಕೆ ದಾಟಿಸಿದ್ಲು. ಮಾರನೇ ದಿನಾನೂ ಹಾಗೇ ಕೂತ. ಆಮೇಲೆ ದಿನಾ. ಈ ಮಂಕಿಗೆ ಏನೂ ಗೊತ್ತಾಗಲ್ಲ ಅಂತ ಅವಳು ಸೆರಗಿನ ಮರೇಲಿ ನಗ್ತಿದ್ಲು.

ಒಂದಿನ ಒಬ್ಬ ವ್ಯಾಪಾರಿ ಹಗ್ಗ ಕೊಳ್ಳೋಕೆ ಬಂದ. "ಏನಯ್ಯ, ಆ ಗೋಡೆ ಕಡೆ ತಿರುಗಿದ್ರೆ ತಂಪಾಗಿರುತ್ತೆ. ಮುಳುಗೋ ಬಿಸಿಲನ್ನ ಕಣ್ಣಿಗೇ ಹೊಡೆಸ್ಕೊಂಡು ಕೂತಿದೀಯಲ್ಲ" ಅಂದ.

ರೈತ ತಲೆ ಎತ್ತದೆ ಹೇಳಿದ, "ಈ ಹೊತ್ನಲ್ಲಿ ನಂಗೆ ಆ ಕಡೆ ಕಣ್ಣು ಕಾಣಲ್ಲ ಸ್ವಾಮಿ."

ಗೋಡೆ ಹತ್ರ ಕುಡಿಕೆ ಹಿಡ್ಕೊಂಡು ನಿಂತಿದ್ದ ಹೆಂಡ್ತಿಗೆ ಅದು ಕೇಳಿಸ್ತು. ಕುಡಿಕೆ ವಾಲಿ, ಮೊಸರು ಗೋಡೆ ಮೇಲೆ ತುಳುಕಿತು.

"ಅಂದ್ರೆ ಅವನಿಗೆ ಮೊದಲಿಂದ್ಲೂ ಗೊತ್ತಿತ್ತಾ?" ಅಂದ್ಲು ಚಿಕ್ಕತಾಯಿ. ಅವಳ ಬೆರಳು ಅಕ್ಕಿ ಮೇಲೆ ನಿಂತುಹೋಗಿತ್ತು.

ಸಾತಮ್ಮ ಏನೋ ಹೇಳೋಕೆ ಹೋದ್ಲು. ಅಷ್ಟರಲ್ಲಿ ಅಂಗಳದಿಂದ ದ್ಯಾವಮ್ಮನ ದನಿ ಬಂತು. "ಸಾತಮ್ಮ, ಚಿಕ್ಕತಾಯಿ ಒಳಗವ್ಳಾ? ನಮ್ ಭಾಗ್ಯ ಬಟ್ಟೆ ಒಗೆಯೋಕೆ ಹೋದೋಳು ಇನ್ನೂ ಬಂದಿಲ್ಲ. ಕಾಲುವೆ ಕಡೆ ಏನಾದ್ರೂ ಕಂಡ್ಲಾ ಅಂತ ಕೇಳು."

ಚಿಕ್ಕತಾಯಿ ಬಾಯಿ ತೆರೆದ್ಲು.

ಸಾತಮ್ಮ ಅವಳ ಕಿವಿ ಹತ್ರ ಬಗ್ಗಿದ್ಲು. "ಕತ್ತಲಲ್ಲಿ ಕಾಣದೆ ಇರೋದು ಯಾರಿಗಾದ್ರೂ ಬರುತ್ತೆ, ಹಗಲಲ್ಲಿ ಕಾಣದೆ ಇರೋದನ್ನ ಕಲೀಬೇಕು ಕಣವ್ವ."

ಬಾಗಿಲು ಕಿರ್ ಅಂತು. ಚಿಕ್ಕತಾಯಿ ಮೊರ ಹತ್ರಕ್ಕೆ ಎಳ್ಕೊಂಡು ಅಕ್ಕಿ ಮೇಲೆ ಬಗ್ಗಿದ್ಲು.