ಕಾವಿ ದಾರ ಸುತ್ತಿದ ಪಾಠಗಳು

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಮುಪ್ಪಯ್ಯ ಅಜ್ಜಾರು ಎಂಬ ಗುರುಗಳಿದ್ದರು. ನಂಬಿ ಬಂದವರನ್ನು ಅವರು ಬರಿಗೈಯಲ್ಲಿ ಕಳಿಸಿದ್ದಿಲ್ಲ. ಕೊಟ್ಟದ್ದೇನೆಂದು ತಿಳಿಯಲು ಮಾತ್ರ ಕೆಲವೊಮ್ಮೆ ಹೊತ್ತು ಹಿಡಿಯುತ್ತಿತ್ತು.

ನೀಲಗಂಗಾ ಎಂಬ ಹುಡುಗಿ ದಿನವೂ ಮಠದ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದಳು. ವಿಜ್ಞಾನ ಕಾಲೇಜಿನ ಪ್ರವೇಶ ಪರೀಕ್ಷೆ ಬರುವ ತಿಂಗಳಿತ್ತು. ಊರಲ್ಲಿ ಕೋಚಿಂಗ್ ಇಲ್ಲ, ಹೇಳಿಕೊಡುವವರೂ ಇಲ್ಲ. ಹೋದ ವರ್ಷ ಸೀಟು ತಪ್ಪಿತ್ತು. ಈ ಸಲವೂ ತಪ್ಪಿದರೆ ಓದು ಸಾಕೆಂದು ಅಪ್ಪ ಹೇಳಿಬಿಟ್ಟಿದ್ದ.

ಕೂತಲ್ಲಿ ಕೂರಲಾರಳು. ಎರಡು ಪುಟ ಓದುವಳು, ಎದ್ದು ಹೊಳೆಯವರೆಗೆ ಹೋಗಿ ಬರುವಳು, ಮತ್ತೆ ಪುಸ್ತಕ ತೆಗೆಯುವಳು.

ಒಂದು ಮುಂಜಾನೆ ಅಜ್ಜಾರ ಪಾದಕ್ಕೆ ಎರಗಿದಳು.

“ಅಜ್ಜಾರ, ಓದಿದ್ದೆಲ್ಲಾ ಮರತು ಹೋಗಾಕತ್ತೈತಿ. ಎದಿ ಢವಢವ ಅಂತೈತಿ. ವಿಭೂತಿ ಮಂತ್ರಿಸಿ ಕೊಡ್ರಿ.”

“ಕೊಡೂಣು. ಮೊದಲ ನಿನ್ನ ಪುಸ್ತಕ ತಾ.”

ಭೌತಶಾಸ್ತ್ರದ ದಪ್ಪ ಪುಸ್ತಕ. ಮೊದಲ ಪಾಠಗಳ ಅಂಚು ಕೈಬೆವರಿಗೆ ಕಪ್ಪಾಗಿತ್ತು. ಮುಂದಿನವು ಅಂಗಡಿಯಿಂದ ತಂದ ಹಾಗೆಯೇ ಬೆಳ್ಳಗಿದ್ದವು.

“ಇದೇನವ್ವಾ, ಅರ್ಧ ಪುಸ್ತಕ ಉಪವಾಸ ಬಿದ್ದೈತಿ?”

ನೀಲಗಂಗಾ ತಲೆ ತಗ್ಗಿಸಿದಳು. “ಅರ್ಧಕ್ಕ ಬಂದ ಕೂಡಲೇ ಹಿಂದಿಂದು ಮರತಿರಬೇಕು ಅನಸ್ತೈತ್ರಿ. ಮತ್ತ ಮೊದಲಿಂದ ಚಾಲೂ ಮಾಡ್ತೀನಿ. ಬುನಾದಿ ಗಟ್ಟಿ ಇರಬೇಕಲ್ರಿ?”

“ಮಳಿಗಾಲದಾಗ ಬರೇ ಬುನಾದಿ ಮ್ಯಾಲೆ ಮಲಗತೀ ಏನು?”

ಆ ಮಠದಲ್ಲೊಂದು ಪದ್ಧತಿ. ಶ್ರಾವಣದಲ್ಲಿ ಪುರಾಣ ನಡೆಯುವಾಗ, ಓದಿ ಮುಗಿದ ಭಾಗಕ್ಕೆ ಕಾವಿ ದಾರ ಸುತ್ತಿಡುತ್ತಾರೆ. ಪುರಾಣ ಮಂಗಳವಾಗುವವರೆಗೆ ಅದನ್ನು ಬಿಚ್ಚುವುದಿಲ್ಲ.

ಅಜ್ಜಾರು ಅದೇ ದಾರ ತಂದು ಕಪ್ಪಾದ ಪಾಠಗಳಿಗೆಲ್ಲ ಸುತ್ತಿ ಗಂಟು ಹಾಕಿದರು. ಗಂಟಿನ ಮೇಲೆ ವಿಭೂತಿ ಹಚ್ಚಿದರು.

“ಪರೀಕ್ಷಾ ಮುಗಿಯೂತನಕ ಬಿಚ್ಚಬ್ಯಾಡ.”

ಹುಡುಗಿಯ ಮುಖ ಬಿಳಿಚಿತು. “ನಾ ವಿಭೂತಿ ಕೇಳಿದ್ದು ನನ್ನ ಹಣಿಗೆ, ಅಜ್ಜಾರ.”

“ಬ್ಯಾನಿ ಎಲ್ಲೈತೋ ಅಲ್ಲೇ ಹಚ್ಚೀನಿ.”

ಗುರುವಿನ ಮಾತು ಮೀರಿದರೆ ಶಿವ ಮೆಚ್ಚುವನೇ? ಅವಳು ಪಡಸಾಲೆಗೆ ಹೋಗಿ ಮೊದಲ ಬಿಳಿ ಹಾಳೆ ತೆರೆದಳು. ಕುಳಿತಳು, ಎದ್ದಳು, ಮತ್ತೆ ಕುಳಿತಳು. ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಓಡಿ ಬಂದಳು.

“ಒಂದ ಸಲ ಬಿಚ್ಚರಿ, ಅಜ್ಜಾರ. ಹೊಸಾ ಪಾಠದಾಗ ಒಂದು ಲೆಕ್ಕ ನಿಂತುಬಿಟ್ಟೈತಿ. ಹಿಂದಿನ ಸೂತ್ರ ಬೇಕು. ಅದು ಮರತೈತಿ.”

“ಯಾವ ಸೂತ್ರ?”

“ಅದ ರೀ, ಮ್ಯಾಲಿಂದ ಬೀಳೂ ಕಲ್ಲಿಂದು.”

“ಕಲ್ಲು ನೋಡೇನಿ. ಸೂತ್ರ ನೋಡಿಲ್ಲ. ನನಗ ತಿಳಿಯೂ ಹಂಗ ಹೇಳು.”

“ಕೈಬಿಟ್ಟ ಕಲ್ಲು ಎಷ್ಟು ಹೊತ್ತು ಬೀಳತೈತಿ, ಆ ಹೊತ್ತಿನ ವರ್ಗ ತಗೋಬೇಕ್ರಿ. ಅದಕ್ಕ ಗುರುತ್ವ ವೇಗೋತ್ಕರ್ಷದ ಅರ್ಧಾ ಗುಣಿಸಿದರ, ಅದು ಬಿದ್ದ ದೂರ…”

ಮರೆತಿದೆ ಎಂದ ಸೂತ್ರ ಅವಳ ಬಾಯಿಂದಲೇ ಬಂದಿತ್ತು.

ಅಜ್ಜಾರು ಗಂಟನ್ನು ಮುಟ್ಟಲೇ ಇಲ್ಲ.

ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. “ಆದರೂ ಅಂಜಿಕಿ ಹೋಗವಲ್ದು, ಅಜ್ಜಾರ. ಅದು ಹೋದ ಮ್ಯಾಲೆ ಮುಂದಿಂದು ಓದಲೇನ್ರಿ?”

“ಅದಕ್ಕೂ ಒಂದು ಚಾಪಿ ಹಾಸು. ಇಬ್ಬರೂ ಕೂಡೇ ಓದ್ರಿ.”