ದೊಣೆಯ ಪಕ್ಕ

"ಗುರುಗಳೇ, ಮಠದ ಅಂಗಳ ಗುಡಿಸುವ ದ್ಯಾಮವ್ವನನ್ನು ಪಂಕ್ತಿಗೆ ಬಾ ಎಂದು ದಿನವೂ ಕರೆಯುತ್ತೇನೆ. ನನ್ನ ಪಕ್ಕದಲ್ಲೇ ಎಲೆ ಹಾಕಿಸುತ್ತೇನೆ. ಆದರೂ ಅವಳು ತಟ್ಟೆ ಹಿಡಿದು ಹಿತ್ತಿಲಿಗೆ ಹೋಗುತ್ತಾಳೆ. ಈಗ ತಪ್ಪು ಯಾರದು?" ಎಂದು ಶಿಷ್ಯ ಶಿವಲಿಂಗಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಕಲ್ಲುಗುಡ್ಡದಲ್ಲಿ ಮಂಗಗಳ ಗುಂಪಿತ್ತು. ಅದರ ಹಿರಿಯಳು ಎಲ್ಲಿ ಕೂರುತ್ತಾಳೋ ಅದೇ ನಡುಮಧ್ಯ. ಅವಳ ಮಕ್ಕಳು, ತಂಗಿಯರು ಅವಳ ಮೈಗೆ ಮೈ ತಾಗಿಸಿ ಕೂರುತ್ತಿದ್ದರು. ಉಳಿದವರು ಅವರವರ ಅಂತಸ್ತು ನೋಡಿಕೊಂಡು ಅಷ್ಟಷ್ಟು ದೂರ. ಎಲ್ಲರಿಗಿಂತ ಕೊನೆಗೆ, ಬಂಡೆಯ ಅಂಚಿನಲ್ಲಿ, ಒಬ್ಬ ಬಾಣಂತಿ ಕೂರುತ್ತಿದ್ದಳು. ಹಿರಿಯಳು ಆ ಕಡೆ ಹೆಜ್ಜೆ ಇಟ್ಟರೆ ಸಾಕು, ಇವಳು ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಎದ್ದುಬಿಡುತ್ತಿದ್ದಳು. ಕೊಂಬೆ ಹತ್ತುವುದಕ್ಕೂ ಮೊದಲು ಅವಳ ತಾಯಿ ಅವಳಿಗೆ ಕಲಿಸಿದ್ದು ಜಾಗ ಬಿಡುವುದನ್ನು. ಒಮ್ಮೆ ಮಾತ್ರ ಮರೆತಿದ್ದಳು. ಅಂದಿನಿಂದ ಅವಳಿಗೆ ಎಡಗಿವಿ ಅರ್ಧವೇ ಇತ್ತು.

ಆ ಬೇಸಿಗೆಯಲ್ಲಿ ಗುಡ್ಡದ ಹೊಂಡಗಳೆಲ್ಲ ಬತ್ತಿದವು. ಬಂಡೆಯ ನಡುವಿನ ಒಂದು ದೊಣೆಯಲ್ಲಿ ಮಾತ್ರ ನೀರು ಉಳಿಯಿತು. ಹಿರಿಯಳು ಅದರ ಪಕ್ಕದಲ್ಲೇ ಠಿಕಾಣಿ ಹೂಡಿದಳು. ಬಾಣಂತಿ ಎರಡು ದಿನ ಕಾದಳು. ಅವಳ ಹಾಲು ಬತ್ತಿತು. ಮರಿ ನೀರಿನತ್ತ ಓಡಿತು. ಕಾಲು ಹಿಡಿದು ಎಳೆದುಕೊಂಡಳು. ಮತ್ತೆ ಓಡಿತು, ಮತ್ತೆ ಎಳೆದುಕೊಂಡಳು. ಮೂರನೆಯ ದಿನ ಮರಿ ಓಡಲಿಲ್ಲ.

ಅದನ್ನು ಕಂಡು ಹಿರಿಯಳಿಗೆ ನಿಜಕ್ಕೂ ಮರುಕ ಹುಟ್ಟಿತು.

"ಬಾರೇ, ಕುಡಿ. ನಾನೇನೂ ಮಾಡುವುದಿಲ್ಲ" ಎಂದಳು.

ಬಾಣಂತಿ ಕದಲಲಿಲ್ಲ. ಕರೆತರೋಣವೆಂದು ಹಿರಿಯಳು ನಾಲ್ಕು ಹೆಜ್ಜೆ ಮುಂದೆ ಬಂದಳು. ಬಾಣಂತಿಯ ಕಾಲುಗಳು ಅವಳನ್ನು ಕೇಳದೆಯೇ ಎಂಟು ಹೆಜ್ಜೆ ಹಿಂದೆ ಹೋದವು.

"ನೋಡೇ ಇವಳ ಠೀವಿ! ಅಕ್ಕ ಬಾಯಿಬಿಟ್ಟು ಕರೆದರೆ ಸಾಲದಂತೆ, ಆರತಿ ಬೆಳಗಬೇಕಂತೆ" ಎಂದು ಹಿರಿಯಳ ತಂಗಿ ಹಲ್ಲು ಕಿರಿದಳು.

ಬಾಣಂತಿಗೆ ಹೋಗಬೇಕೆಂದೇ ಇತ್ತು. ಮರಿಯ ಒಣಗಿದ ಬಾಯಿ ನೋಡಿದಳು. ನೀರು ನೋಡಿದಳು. ನೀರಿನ ಪಕ್ಕದ ಹಲ್ಲುಗಳನ್ನೂ ನೋಡಿದಳು. ಹಿರಿಯಳು ಮರಳಿ ಹೋಗಿ ದೊಣೆಯ ಪಕ್ಕ ಕೂತು, ಮೊದಲಿಗಿಂತ ಮೆತ್ತಗೆ ಕರೆದಳು. ಹೊತ್ತು ಇಳಿಯುವವರೆಗೂ ಕರೆಯುತ್ತಲೇ ಇದ್ದಳು. ಅಷ್ಟರಲ್ಲಿ ತಾಯಿಯ ಹೊಟ್ಟೆಯ ಕೂದಲು ಹಿಡಿದಿದ್ದ ಮರಿಯ ಬೆರಳುಗಳು ಒಂದೊಂದಾಗಿ ಸಡಿಲಿದವು.

ಸತ್ತ ಮರಿಯನ್ನು ತಾಯಿ ನಾಲ್ಕು ದಿನ ಎತ್ತಿಕೊಂಡೇ ತಿರುಗಿದಳು. ಆಗಲೂ ಗುಂಪಿನ ಕೊನೆಯಲ್ಲೇ.

ಶಿವಲಿಂಗಯ್ಯನಿಗೆ ತಡೆಯಲಾಗಲಿಲ್ಲ. "ಇದರಲ್ಲಿ ಹಿರಿಯಳದೇನು ತಪ್ಪು, ಗುರುಗಳೇ? ಪಾಪ, ಸಂಜೆಯವರೆಗೂ ಕರೆದಳಲ್ಲ!" ಎಂದ.

"ಕರೆದಳು. ನೀರಿನ ಪಕ್ಕದಿಂದ ಎದ್ದು ದೂರ ಹೋಗಿದ್ದರೆ ಕರೆಯುವುದೇ ಬೇಕಿರಲಿಲ್ಲ" ಎಂದರು ಗುರುಗಳು.