ಸಾವುಕಾರನ ಕೆಮ್ಮು

ಮೈಲಾರಪ್ಪ ಮೊದಲ ಸಲ ಊರು ಬಿಟ್ಟದ್ದು ಕಾರಹುಣ್ಣಿಮೆಯ ಮರುದಿನ. ಆಗ ಆರನೆಯ ತರಗತಿ. ಬಣ್ಣದ ಸೀಮೆಸುಣ್ಣವೊಂದು ಕಾಣುತ್ತಿಲ್ಲವೆಂದು ಮೇಷ್ಟ್ರು ಅವನ ಚೀಲವನ್ನು ಎಲ್ಲರೆದುರು ಬೋರಲು ಹಾಕಿದರು. ಸೀಮೆಸುಣ್ಣ ಅದರಲ್ಲೇ ಇತ್ತು. ಚೀಲವನ್ನು ಅಲ್ಲೇ ಬಿಟ್ಟು ಅವನು ನಡೆದ. ಆಮೇಲೆ ಕಾಲು ಒಂದೆಡೆ ನಿಲ್ಲಲಿಲ್ಲ. ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತಿದ, ಟಾಕೀಸು ಮುಚ್ಚಿತು. ರೇಡಿಯೊ ರಿಪೇರಿ ಕಲಿತ. ರೇಡಿಯೊ ಮೂಲೆ ಸೇರಿ ಟೇಪ್ ರೆಕಾರ್ಡರ್ ಬಂತು. ಅದು ಕೈಗೆ ಹತ್ತುವಷ್ಟರಲ್ಲಿ ಮನೆಮನೆಯ ಮೇಲೆ ಡಿಶ್ ಕೂತಿತ್ತು. ಒಂದೊಂದು ಯಂತ್ರ ಸತ್ತಾಗಲೂ ಒಂದೊಂದು ಊರು ಬಿಟ್ಟ. ಈಗ ಅಂಗಡಿಗಳಿಗೆ ಕ್ಯಾಮೆರಾ ಕಟ್ಟುತ್ತಾ ತಿರುಗುತ್ತಿದ್ದವನು, ಒಂದು ಹೊತ್ತಿನ ಊಟಕ್ಕೆಂದು ಸಣ್ಣದೊಂದು ಮಠಕ್ಕೆ ಬಂದು ತಿಂಗಳು ಉಳಿದುಬಿಟ್ಟಿದ್ದ. ಅಲ್ಲಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಮಾತು ಅವನಿಗೆ ಹಿಡಿಸಿತ್ತು.

ಒಂದು ಮಧ್ಯಾಹ್ನ ಪ್ರಸಾದ ಮುಗಿದ ಮೇಲೆ ಕೇಳಿದ:

“ಅಜ್ಜಾರ, ಉಗ್ರಾಣದ ಬೆಲ್ಲ ಕರಗಾಕತ್ತೈತಿ. ಅಡಿಗಿ ನೀಲವ್ವ ಮನಿಗೆ ಹೋಗುವಾಗ ಆಕಿ ಮಡಿಲು ದಿನಾ ದಪ್ಪ ಕಾಣ್ತೈತಿ. ನನ್ನ ಚೀಲದಾಗ ಒಂದು ಕ್ಯಾಮೆರಾ ಉಳಿದೈತಿ, ಪುಕ್ಕಟೆ ಕಟ್ತೀನಿ ಅಂದ್ರೂ ನೀವು ಹೂಂ ಅನ್ನವಲ್ರಿ. ಕಳವು ಗೊತ್ತಾದ ಮ್ಯಾಲೂ ಸುಮ್ಮನ ಕುಂದ್ರೋದು ಸರಿ ಏನ್ರಿ?”

ಅಜ್ಜಾರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಅಂಗಡಿಕಾರನಿದ್ದ. ಅವನ ಅಂಗಡಿಯ ಮುಂದೆ ಕಡಲೆ, ಬೆಲ್ಲ, ಹುಣಸೆಹಣ್ಣಿನ ಚೀಲಗಳು ಬಾಯಿ ತೆರೆದುಕೊಂಡು ಬೀದಿಗೆ ಮುಖಮಾಡಿ ಕೂತಿರುತ್ತಿದ್ದವು. ಕೈಹಾಕುವವರು ಹಾಕುತ್ತಿದ್ದರು. ಅಂಗಡಿಕಾರ ಗದರುತ್ತಿರಲಿಲ್ಲ. ಮುಖ ಬೇರೆಡೆ ತಿರುಗಿಸಿ, ಮೇಲಿನ ತೊಲೆ ನೋಡುತ್ತಾ ಒಮ್ಮೆ ಕೆಮ್ಮುತ್ತಿದ್ದ. ಅಷ್ಟೇ. ತುಂಬಿಕೊಂಡ ಕೈ ಬರಿದಾಗಿ ಹೊರಗೆ ಬರುತ್ತಿತ್ತು. ಆಮೇಲೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ಬಿಸಿಲಿನ ಮಾತಾಡುತ್ತಿದ್ದರು.

ಪೇಟೆಗೆಲ್ಲ ಆ ಕೆಮ್ಮು ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಬಸುರಿ ಹುಣಸೆಹಣ್ಣು ಮುರಿದುಕೊಂಡರೆ, ಹಸಿದವನು ಹಿಡಿ ಕಡಲೆ ತೆಗೆದರೆ, ಅವನು ಕಂಡೂ ಕೆಮ್ಮುತ್ತಿರಲಿಲ್ಲ. ಕೆಮ್ಮಲಿಲ್ಲವೆಂದರೆ ಕೊಟ್ಟ ಹಾಗೆ. ಬೀಗ ಒಡೆಯುವವನಿಗೆ ಪೊಲೀಸರಿದ್ದಾರೆ, ಹಿಡಿ ಕಡಲೆಯವನಿಗೆ ನನ್ನ ಗಂಟಲು ಸಾಕು ಎನ್ನುತ್ತಿದ್ದ.

ಕಾಲ ಓಡಿತು. ತಕ್ಕಡಿ ಹೋಗಿ ಮುಳ್ಳು ತಿರುಗುವ ಕಾಟಾ ಬಂತು. ಅದು ಹೋಗಿ ಅಂಕಿ ಬೆಳಗುವ ಕಾಟಾ ಬಂತು. ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿ ಬಂತು. ಕೊನೆಗೆ ಕ್ಯಾಮೆರಾ ಕಟ್ಟುವವನು ಏಣಿ ಹೊತ್ತು ಬಂದ.

“ಇದೇನು ಮಾಡ್ತೈತಪ್ಪಾ?”

“ನಿಮ್ಮ ಕಣ್ಣಿನ ಕೆಲಸ ಮಾಡ್ತೈತ್ರಿ ಸಾವ್ಕಾರ್ರ. ನೀವಿನ್ನ ಆರಾಮ ಕುಂದರ್ರಿ.”

ಅಂಗಡಿಕಾರ ಆರಾಮವಾಗಿ ಕೂತ. ಕ್ಯಾಮೆರಾ ನೋಡುತ್ತದೆಂದು ತಾನು ನೋಡುವುದನ್ನು ಬಿಟ್ಟ. ತಲೆ ಬಗ್ಗಿಸಿ ಫೋನು ಹಿಡಿದ.

ಮೂವತ್ತು ವರ್ಷದಿಂದ ಅಲ್ಲೇ ಸಾಮಾನು ಒಯ್ಯುತ್ತಿದ್ದ ಒಬ್ಬ ರೈತ ಒಂದು ದಿನ ಬಂದ. ಮರುದಿನ ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಲಕ್ಕಿ, ಸಕ್ಕರೆ, ಚಹಾಪುಡಿ ಕೊಂಡ. ಹೊರಡುವಾಗ ಒಂದು ವಾಸನೆ ಸೋಪಿನ ಮೇಲೆ ಕಣ್ಣು ಬಿತ್ತು. ಅದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಎತ್ತಿಕೊಂಡ, ತುಸು ಹೊತ್ತು ನಿಂತು ಚೀಲಕ್ಕೆ ಹಾಕಿಕೊಂಡು ಹೋದ.

ಸಂಜೆ ಅಂಗಡಿಕಾರ ಕ್ಯಾಮೆರಾದ ಚಿತ್ರ ತೆಗೆದು ನೋಡಿದ. ಸಿಟ್ಟು ನೆತ್ತಿಗೇರಿತು. ಆ ಹೊತ್ತಿಗೇ ಕಂಡಿದ್ದರೆ ಕೆಮ್ಮಿ ಮುಗಿಸುತ್ತಿದ್ದ. ಈಗ ಕೆಮ್ಮಿದರೆ ಯಾರಿಗೆ ಕೇಳಬೇಕು? ಇಂಥವರಿದ್ದಾರೆ, ನೋಡಿಕೊಳ್ಳಿ ಎಂದು ಪೇಟೆಯವರ ಫೋನುಗಳಿಗೆ ಆ ಚಿತ್ರ ಕಳಿಸಿದ. ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ, ಬೆಳಗಾಗುವುದರೊಳಗೆ ಗಂಡಿನವರ ಊರು ಮುಟ್ಟಿತು. ಹೆಣ್ಣು ನೋಡಲು ಯಾರೂ ಬರಲಿಲ್ಲ.

ವಾರ ಕಳೆದು ಸುದ್ದಿ ತಿಳಿದಾಗ ಅಂಗಡಿಕಾರ ಊಟ ಬಿಟ್ಟು ಎದ್ದ. ರೈತನ ಮನೆಗೆ ಹೋದ. ಗೋಡೆಯ ಗೂಡಿನಲ್ಲಿ ಸೋಪು ಕಾಗದ ಬಿಚ್ಚದೆ ಕೂತಿತ್ತು.

“ಒಂದು ಮಾತು ಕೇಳಿದ್ರ ನಾನೇ ಕೊಡ್ತಿದ್ನಲ್ಲೋ ಮಾರಾಯ.”

“ಕೇಳಿದೆನಲ್ರಿ ಸಾವ್ಕಾರ್ರ,” ಎಂದ ರೈತ. “ನಿಮ್ಮ ಎದುರಿಗೇ ಹಿಡಕೊಂಡು ನಿಂತಿದ್ದೆ. ನೀವು ಕೆಮ್ಮಲಿಲ್ಲ. ಕೊಟ್ರಿ ಅಂತ ತಿಳಕೊಂಡೆ.”

ಅಂಗಡಿಕಾರ ವಾಪಸು ಬಂದು ಚಿತ್ರವನ್ನು ಮತ್ತೆ ಮೊದಲಿಂದ ನೋಡಿದ. ಆಗ ಕೈಯನ್ನಷ್ಟೇ ನೋಡಿದ್ದ. ಈಗ ಮುಖ ನೋಡಿದ. ರೈತ ಸೋಪು ಎದೆಯೆತ್ತರಕ್ಕೆ ಹಿಡಿದು, ಅಂಗಡಿಕಾರ ಕೂರುವ ಕಡೆ ತಿರುಗಿ, ಕಾಯುತ್ತಾ ನಿಂತಿದ್ದ. ಚಿತ್ರದ ಮೂಲೆಯಲ್ಲಿ ಒಂದು ಬೋಳುತಲೆ ಬಗ್ಗಿಕೊಂಡಿತ್ತು. ಅದು ಅವನದೇ.

ಮರುದಿನ ಗಂಡಿನವರ ಊರಿಗೆ ಹೋಗಿ ಕೈಮುಗಿದು ಹೇಳಿದ: ಆ ಸೋಪು ನಾನೇ ಕೊಟ್ಟದ್ದು. ಅವರು ಫೋನು ಮುಂದೆ ಹಿಡಿದರು. “ಕೊಟ್ಟಿದ್ದು ಇದರಾಗ ಎಲ್ಲೈತಿ, ತೋರಸ್ರಿ ನೋಡೋಣ” ಎಂದರು. ಅವನು ಬಂದ ದಾರಿ ಹಿಡಿದ.

ಕ್ಯಾಮೆರಾ ಬಿಚ್ಚಿಸಿದ. ಮತ್ತೆ ಬೀದಿ ನೋಡುತ್ತಾ ಕೂತ. ಚೀಲಕ್ಕೆ ಕೈ ಹೋದಾಗ ಮೊದಲಿನಂತೆ ತೊಲೆ ನೋಡಿ ಕೆಮ್ಮಿದ. ಆದರೆ ಹಳಬರು ಬರುವುದನ್ನು ಬಿಟ್ಟಿದ್ದರು. ಹೊಸಬರು ಕಡಲೆ ಜೇಬಿಗೆ ಹಾಕಿಕೊಂಡು, “ಡಾಕ್ಟರಿಗೆ ತೋರಿಸ್ರಿ ಅಜ್ಜ, ಎದಿಯಾಗ ಕಫ ಕಟ್ಟೈತಿ” ಎಂದು ಹೋದರು.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಮೈಲಾರಪ್ಪ ಹತ್ತಾರು ಊರುಗಳಲ್ಲಿ ಏಣಿ ಹತ್ತಿ, ಆರಾಮ ಕುಂದರ್ರಿ ಎಂದು ಹೇಳಿ ಇಳಿದವನು. ಎಷ್ಟು ಅಂಗಡಿಗಳೆಂದು ನೆನೆಯಲು ಹೋಗಿ ಅರ್ಧಕ್ಕೇ ಬಿಟ್ಟ. ಆದರೂ ವಾದ ಬಿಡಲು ಮನಸ್ಸು ಬರಲಿಲ್ಲ.

“ಕ್ಯಾಮೆರಾ ಬ್ಯಾಡ ಬಿಡ್ರಿ ಅಜ್ಜಾರ. ನೀಲವ್ವಗ ನೀವು ಒಮ್ಮೆ ಕೆಮ್ಮಬಹುದಿತ್ತಲ್ಲ?”

ಅಜ್ಜಾರು ಅವನ ಮುಖ ನೋಡಿದರು.

“ತಿಂಗಳಿಂದ ಇಲ್ಲೇ ಅದಿ, ಅಡಿಗಿಮನಿ ಕಡೆ ತಿರುಗಿ ನಾ ಒಮ್ಮೆರ ಕೆಮ್ಮಿದ್ದು ಕೇಳಿಯೇನು?”

ಮೈಲಾರಪ್ಪ ಎದ್ದು ಹೋಗಿ ಕ್ಯಾಮೆರಾವನ್ನು ಚೀಲದ ತಳಕ್ಕೆ ಹಾಕಿದ, ಅದರ ಮೇಲೆ ಪಂಚೆ ಮಡಚಿಟ್ಟ. ನೀಲವ್ವ ಮಡಿಲು ಹಿಡಿದುಕೊಂಡು ಅಂಗಳ ದಾಟಿದಳು. ಅವನು ತೊಲೆ ನೋಡಿದ, ಕೆಮ್ಮಲಿಲ್ಲ. ಆಮೇಲೆ, ಆ ಸೀಮೆಸುಣ್ಣದ ಬಣ್ಣ ಯಾವುದಿತ್ತೆಂದು ನೆನಪು ಮಾಡಿಕೊಳ್ಳುತ್ತಾ, ಉಳಿದ ವೈರನ್ನು ಮೊಣಕೈಗೆ ಸುತ್ತತೊಡಗಿದ.